ಇಳಿತದ ಹೊತ್ತಿಗೆ ಕುಣಿತದ ಪಾಠ

ಬೆಳಗಿನ ಐದೂಮುಕ್ಕಾಲು. ಪೋರ್ಟ್ ಕಾರ್ನಿಯ ದೋಣಿಕಟ್ಟೆಯ ಪಕ್ಕದ ತಗಡಿನ ಹಾಲ್‌ನಲ್ಲಿ ಗ್ಲೆನಿಸ್ ಹಾರ್ಟ್‌ವಿಗ್ ಮಂಡಿಯೂರಿ ನೆಲಕ್ಕೆ ಬಣ್ಣದ ಟೇಪಿನ ಚುಕ್ಕೆ ಅಂಟಿಸುತ್ತಿದ್ದಾರೆ. ಹದಿನಾಲ್ಕು ಮಕ್ಕಳು, ಹದಿನಾಲ್ಕು ಚುಕ್ಕೆ. ಚುಕ್ಕೆಯಿಲ್ಲದೆ ಮೂರು-ನಾಲ್ಕು ವರ್ಷದವರನ್ನು ಸಾಲಾಗಿ ನಿಲ್ಲಿಸುವುದೆಂದರೆ ಕಪ್ಪೆ ತೂಗಿದ ಹಾಗೆ. ಚುಕ್ಕೆ ಇದ್ದರೂ ಅವು ಕಪ್ಪೆಗಳೇ. ತಕ್ಕಡಿಯೊಂದಿದೆ ಎಂಬ ಸಮಾಧಾನ ಅಷ್ಟೆ.

ಹೊರಗೆ ಟ್ರ್ಯಾಕ್ಟರುಗಳು ದೋಣಿಗಳನ್ನು ನೀರಿಗಿಳಿಸುತ್ತಿವೆ. ಎದೆಮಟ್ಟದ ರಬ್ಬರ್ ಉಡುಪು ತೊಟ್ಟ ಬ್ರೆಟ್ ಕ್ಲಾಸೆನ್, ಮಗಳು ಮಾರ್ನಿಯನ್ನು ಕಂಕುಳಲ್ಲಿ ಹಿಟ್ಟಿನ ಚೀಲದಂತೆ ಅವುಚಿಕೊಂಡು ಬರುತ್ತಾನೆ.

"ಇವಳ ಬೂಟು ಎಲ್ಲೋ ಮಾರಾಯ?"

"ಕಾಲಲ್ಲೇ ಇದೆಯಲ್ಲ ಗ್ಲೆನ್."

"ಒಂದು ಇದೆ."

"ಇನ್ನೊಂದನ್ನ ನಾಯಿ ಕೇಳ್ಬೇಕು. ನೀರು ಕಾಯಲ್ಲ, ಬರ್ತೀನಿ."

ನೀರು ಕಾಯುವುದಿಲ್ಲ, ಈ ತರಗತಿಯ ವೇಳಾಪಟ್ಟಿಯೂ ಅಷ್ಟೇ. ಇಡೀ ಊರು ಆಯ್ಸ್ಟರ್ ಎಂಬ ತಿನ್ನುವ ಚಿಪ್ಪುಜೀವಿ ಸಾಕಿ ಬದುಕುತ್ತದೆ. ಕಡಲು ಇಳಿದಾಗಷ್ಟೇ ಚಿಪ್ಪಿನ ಬುಟ್ಟಿಗಳು ಕೈಗೆ ಸಿಗುತ್ತವೆ. ಅಪ್ಪ ಅಮ್ಮ ಇಬ್ಬರೂ ದೋಣಿ ಹತ್ತುವ ಮನೆಗಳೇ ಹೆಚ್ಚು. ಆದ್ದರಿಂದ ಗ್ಲೆನಿಸ್ ಅವರ ಶನಿವಾರದ ಪಾಠ ಒಂದು ವಾರ ಆರಕ್ಕೆ, ಮುಂದಿನ ವಾರ ಹನ್ನೊಂದಕ್ಕೆ. ದೋಣಿಗೆ ಹೋಗುವ ದಾರಿಯಲ್ಲಿ ಮಕ್ಕಳನ್ನು ಇಲ್ಲಿ ಬಿಡುತ್ತಾರೆ, ಪಾಠ ಮುಗಿದಾಗ ಅಜ್ಜಿಯರು ಬಂದು ಕರೆದೊಯ್ಯುತ್ತಾರೆ. ಬಾಗಿಲಿಗೆ ಅಂಟಿಸಿದ ಇಳಿತ-ಭರತದ ಪಟ್ಟಿಯೇ ಪ್ರಕಟಣೆ.

ಗ್ಲೆನಿಸ್‌ಗೆ ಅರವತ್ತಮೂರು. ವಾರದ ಐದು ದಿನ ಶೆಡ್ಡಿನಲ್ಲಿ ನಿಂತು ಚಿಪ್ಪುಗಳನ್ನು ಗಾತ್ರ ನೋಡಿ ಬೇರ್ಪಡಿಸುವುದು ಕಸುಬು. ಹುಡುಗಿಯಾಗಿದ್ದಾಗ ಚಿಕ್ಕಮ್ಮನ ಹತ್ತಿರ ಎಂಟು ವರ್ಷ ಬ್ಯಾಲೆ ಕಲಿತರು. ಒಂಬತ್ತನೇ ವರ್ಷ ಮಂಡಿ ಕೈಕೊಟ್ಟಿತು. ಮಕ್ಕಳಿಗೆ ಕಲಿಸಲು ತೊಡಗಿ ಇಪ್ಪತ್ತೇಳು ವರ್ಷ. ತರಗತಿ ನಲವತ್ತು ನಿಮಿಷ. ಅದರಲ್ಲಿ ಶೌಚಾಲಯಕ್ಕೆ ಮೂರು ಮೆರವಣಿಗೆ, ಕನಿಷ್ಠ ಒಂದು ಅಳು, ಕಾಲು ಬದಲಾದ ಐದಾರು ಜೊತೆ ಬೂಟು. ಉಳಿದ ಸಮಯದಲ್ಲಿ ತುದಿಗಾಲ ನಡಿಗೆ, ಕುದುರೆ ಓಟ, ಡೋಲು ನಿಂತ ಕೂಡಲೇ ಕಲ್ಲಾಗುವುದು.

"ಕುಣಿಯೋದು ಅವಕ್ಕೆ ಹುಟ್ತಾನೇ ಬಂದಿರುತ್ತೆ," ಎನ್ನುತ್ತಾರೆ ಅವರು. "ನಾನು ಹೇಳ್ಕೊಡೋದು ನಿಲ್ಲೋದನ್ನ."

ಇವತ್ತು ಅವರ ಕಣ್ಣು ಮತ್ತೆ ಮತ್ತೆ ಬಾಗಿಲ ಕಡೆ ಹೋಗುತ್ತಿದೆ. ಹಾಲ್‌ನ ಒಡೆತನವಿರುವ ಊರ ಕೌನ್ಸಿಲ್‌ನ ಅಧಿಕಾರಿ ಇಮೋಜೆನ್ ವಸಿಲಾಕಿಸ್ ಬರಬೇಕು. ಆಕೆಗೆ ಈ ಪಾಠ ಒಪ್ಪಿಗೆಯಾಗದಿದ್ದರೆ ಮುಂದಿನ ತಿಂಗಳಿನಿಂದ ಶನಿವಾರದ ಹಾಲ್ ಜಿಮ್ ನಡೆಸುವವರ ಪಾಲಾಗುತ್ತದೆ. ಹಾಲ್ ಕಾಯ್ದಿರಿಸಲು ಈಗ ಕಂಪ್ಯೂಟರ್ ಬಂದಿದೆ. ಅದಕ್ಕೆ ಒಂದೇ ನಿಗದಿತ ಸಮಯ ಬೇಕು. ಗ್ಲೆನಿಸ್ ಬೇಸತ್ತು 'ಹತ್ತು' ಎಂದು ತುಂಬಿದರು. ಇಮೋಜೆನ್ ಎರಡು ಸಲ ಹತ್ತಕ್ಕೆ ಸರಿಯಾಗಿ ಬಂದು, ಬೀಗ ನೋಡಿ, 'ಬಳಕೆಯಲ್ಲಿಲ್ಲ' ಎಂದು ಬರೆದುಕೊಂಡು ಹೋದರು. ಹಾಲ್ ಜಿಮ್‌ಗೆ ಹೋಗಲಿದೆ ಎಂಬ ಕೌನ್ಸಿಲ್ ಪತ್ರ ಬಂದಾಗ ಗ್ಲೆನಿಸ್ ಆಕೆಗೆ ಫೋನ್ ಮಾಡಿದರು.

"ಹತ್ತಕ್ಕೆ ಮಕ್ಕಳು ಅಜ್ಜಿ ಮನೇಲಿ ಎರಡನೇ ತಿಂಡಿ ತಿಂತಿರ್ತಾವಮ್ಮ."

"ಹತ್ತು ಅಂತ ಬರೆದಿದ್ದು ನೀವೇ ಅಲ್ವಾ?"

"ಮೊದಲು 'ನೀರನ್ನ ಕೇಳಿ' ಅಂತ ಬರ್ದಿದ್ದೆ. ಆ ಖಾನೆ ಕೆಂಪಗಾಯ್ತು. ಬರೋ ಶನಿವಾರ ಆರಕ್ಕೆ ಬನ್ನಿ."

"ಬೆಳಿಗ್ಗೆನಾ?"

ಈಗ ಇಮೋಜೆನ್ ಬಂದಿದ್ದಾರೆ. ಕೂದಲು ಒದ್ದೆ, ಕೈಯಲ್ಲಿ ಲ್ಯಾಪ್‌ಟಾಪ್. ಗೋಡೆಗೊರಗಿ ನಿಂತ ಆಕೆಯನ್ನು ನಾಲ್ಕು ವರ್ಷದ ಲ್ಯಾಕ್ಲನ್ ಅಡಿಯಿಂದ ಮುಡಿಯವರೆಗೆ ಪರೀಕ್ಷಿಸುತ್ತಾನೆ.

"ನಿನ್ ಚುಕ್ಕೆ ಯಾವುದು?"

"ನಂಗೆ ಚುಕ್ಕೆ ಇಲ್ಲ ಮರಿ."

"ಹಂಗಾದ್ರೆ ಕಂಬ ಆಗು."

ಆಕೆ ಗ್ಲೆನಿಸ್ ಮುಖ ನೋಡುತ್ತಾರೆ. ಗ್ಲೆನಿಸ್ ಡೋಲು ಬಾರಿಸುತ್ತಾರೆ. ಅಧಿಕಾರಿ ಕಂಬವಾಗುತ್ತಾರೆ, ಸುತ್ತ ಹದಿನಾಲ್ಕು ಕುದುರೆಗಳು ಓಡುತ್ತವೆ. ಒಂದು ಕುದುರೆಯ ಮೂಗು ಆಕೆಯ ಪ್ಯಾಂಟಿಗೆ ಒರೆಸಲ್ಪಡುತ್ತದೆ. ಪಾಠ ಮುಗಿಯುವ ಹೊತ್ತಿಗೆ ಬಂದ ಅಜ್ಜಿಯೊಬ್ಬರು ಬಾಗಿಲಲ್ಲೇ ನಿಂತು, "ಕೌನ್ಸಿಲ್‌ನೋರು ಒಂದು ಕಡೆ ಇಷ್ಟು ಹೊತ್ತು ನಿಂತಿದ್ದು ನಾನು ನೋಡಿದ್ದು ಇದೇ ಮೊದಲು ಕಣೇ ಗ್ಲೆನ್," ಎನ್ನುತ್ತಾರೆ.

ಮಕ್ಕಳು ಹೋದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂರುತ್ತಾರೆ. ಕಂಪ್ಯೂಟರಿಗೆ ಕಡಲು ಅರ್ಥವಾಗುವುದಿಲ್ಲ. ಒಂದೊಂದು ಶನಿವಾರವನ್ನೂ ಬೇರೆ ಬೇರೆಯಾಗಿ ತುಂಬುವುದೊಂದೇ ದಾರಿ. ವರ್ಷದ ಕೊನೆಯವರೆಗೆ ಮೂವತ್ತೊಂದು ಸಾಲು.

"ಎಲ್ಲಾನೂ ಕೊಡಿಸ್ತೀನಿ ಅಂತ ಮಾತು ಕೊಡಲ್ಲ ಗ್ಲೆನಿಸ್," ಎನ್ನುತ್ತಾರೆ ಇಮೋಜೆನ್. "ಜಿಮ್‌ನೋರೂ ಬಿಡಲ್ಲ. ಯಾವ್ದು ತಪ್ಪಲೇಬಾರದು ಹೇಳಿ, ಅದನ್ನ ಮೊದಲು ಹಾಕ್ತೀನಿ."

ಗ್ಲೆನಿಸ್ ಪಟ್ಟಿಯ ಮೇಲೆ ಬೆರಳಾಡಿಸಿ ಏಳು ತಾರೀಕು ಹೇಳುತ್ತಾರೆ. ಏಳಕ್ಕೂ ಒಂದೇ ಸಮಯ, ಹತ್ತೂವರೆ.

"ಈ ಏಳು ದಿನ ನೀರಿಗೇನಾಗುತ್ತೆ?"

"ಏನೂ ಆಗಲ್ಲ. ಏರಲ್ಲ, ಇಳಿಯಲ್ಲ, ಬೆಳಗ್ಗಿಂದ ಸಂಜೆವರೆಗೆ ಇದ್ದಲ್ಲೇ ಇರುತ್ತೆ. ನಮ್ಮ ಕೊಲ್ಲಿಲಿ ಹಂಗೆ. ಬುಟ್ಟಿ ಕೈಗೆ ಸಿಗಲ್ಲ, ದೋಣಿ ಬಿಡಲ್ಲ."

"ಅಂದ್ರೆ ಎಲ್ಲರಿಗೂ ರಜ. ಮಕ್ಕಳು ಮನೇಲೇ ಇರಬಹುದಲ್ಲ?"

"ಅವತ್ತೇ ಅಲ್ವಾ ಅಪ್ಪ ಅಮ್ಮಂದಿರು ಒಳಗೆ ಬಂದು ಕೂರೋದು. ಬಾಕಿ ದಿನ ಬಾಗಿಲಲ್ಲೇ ಇಳಿಸಿ ಓಡ್ತಾರೆ."

ಇಮೋಜೆನ್ ಬೆರಳುಗಳು ಚುರುಕಾಗುತ್ತವೆ. ಏಳು ಸಾಲುಗಳೂ ಒಂದೊಂದಾಗಿ ಹಸಿರಾಗುತ್ತವೆ.

"ಅವತ್ತು ಚೆನ್ನಾಗಿ ಕುಣೀತಾರೇನೋ," ಎಂದು ಕೇಳುತ್ತಾರೆ.

"ಎಲ್ಲಿ ಬಂತು? ಒಂದು ಹೆಜ್ಜೇನೂ ನೆಟ್ಟಗೆ ಬೀಳಲ್ಲ. ಎಲ್ಲವೂ ಗೋಡೆ ಪಕ್ಕ ಕೂತ ಅಪ್ಪ ಅಮ್ಮನ ಕಡೆ ತಿರುಗಿ ಕೈ ಬೀಸ್ತಾ ನಿಂತಿರ್ತಾವೆ," ಎನ್ನುತ್ತಾರೆ ಗ್ಲೆನಿಸ್. "ಅಷ್ಟಕ್ಕೇ ಅಲ್ವಾ ನಾನು ಉಳಿದ ಶನಿವಾರ ಎಲ್ಲ ಕಲಿಸೋದು. ಹೂಂ, ಮುಂದಿನ ಸಾಲು ಬರ್ಕೊಳ್ಳಿ."