ನಲವತ್ತೊಂದು ಅರ್ಧ ಪುಸ್ತಕಗಳು

ಅಂಧರ ಗ್ರಂಥಾಲಯದಲ್ಲಿ ಆಕೆಯನ್ನು ಎಲ್ಲರೂ ಕರೆಯುವುದು ಕ್ಯಾಸೆಟ್ ಅಕ್ಕ ಎಂದೇ. ಇಪ್ಪತ್ತೆರಡನೇ ವಯಸ್ಸಿಗೆ ಕೆಲಸಕ್ಕೆ ಸೇರಿದಾಗ ಪುಸ್ತಕದ ಕ್ಯಾಸೆಟ್ಟುಗಳಿಗೆ ಉಬ್ಬಕ್ಷರದ ಚೀಟಿ ಅಂಟಿಸಿ ಅಂಚೆಗೆ ಹಾಕುತ್ತಿದ್ದಳು. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಉಗುರಿನಗಲದ ಮೆಮೊರಿ ಕಾರ್ಡ್ ಬಂತು. ಹೆಸರು ಮಾತ್ರ ಬಿಡಲಿಲ್ಲ.

ಐವತ್ತರ ಹೊಸ್ತಿಲಲ್ಲಿ ಆಕೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತಳು. ಧ್ವನಿಪುಸ್ತಕಗಳೆಲ್ಲ ಈಗ ಒಂದು ವೆಬ್‌ಸೈಟಿನಲ್ಲಿದ್ದವು. ಒಂದೊಂದನ್ನೇ ಒತ್ತಿ ಡೌನ್‌ಲೋಡ್ ಮಾಡುತ್ತ ಕೂತರೆ ಬೆಳಗು ಹೋಗಿ ಬೈಗಾಗುತ್ತಿತ್ತು. ಊಟದ ಬಿಡುವಿನಲ್ಲಿ ಪಾಠ ನೋಡಿ ನೋಡಿ ನಲವತ್ತು ಸಾಲಿನ ಪ್ರೋಗ್ರಾಂ ಬರೆದಳು. ಪಟ್ಟಿ ಕೊಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಪುಸ್ತಕಗಳು ಕಂಪ್ಯೂಟರಿನಲ್ಲಿರುತ್ತಿದ್ದವು. ಕಾರ್ಡಿಗೆ ತುಂಬಿ ಅಂಚೆಗೆ ಹಾಕುವುದಷ್ಟೇ ಉಳಿಯುತ್ತಿತ್ತು.

ಒಂದು ಬೆಳಿಗ್ಗೆ ಮೇಷ್ಟ್ರ ಫೋನು ಬಂತು. ಶಾಲೆಯಲ್ಲಿ ಇತಿಹಾಸ ಹೇಳಿಕೊಡುತ್ತಿದ್ದವರು, ಕಣ್ಣು ಹೋಗಿ ಎಂಟು ವರ್ಷ. ವಾರಕ್ಕೊಂದು ಪುಸ್ತಕ ಕೇಳುವವರು.

"ತಪ್ಪು ತಿಳ್ಕೋಬೇಡಿ ಅಕ್ಕ. ಈಗಿನ ಲೇಖಕರು ಕತೇನ ಅರ್ಧಕ್ಕೇ ಬಿಡ್ತಾರಾ?"

"ಯಾಕೆ ಮೇಷ್ಟ್ರೇ?"

"ಮೊನ್ನೆ ಕೇಳಿದ್ರಲ್ಲಿ ದೋಣಿಯವನು 'ಆ ಹೆಂಗಸು ಯಾರು ಅಂದ್ರೆ' ಅಂದ. ಅಷ್ಟೇ, ಮುಗೀತು. ಅದರ ಹಿಂದಿನದ್ದೂ ಹಾಗೇ. ಹೊಸ ಶೈಲಿ ಇರ್ಬೇಕು, ದಡ್ಡತನ ನಂದೇ ಅಂತ ಮೂರು ತಿಂಗಳು ಸುಮ್ನಿದ್ದೆ."

ಆಕೆ ಫೋನಿಟ್ಟು ಆ ಪುಸ್ತಕ ಹುಡುಕಿದಳು. ಫೈಲು ಹಾಕಿ ಕೇಳಿದಳು. ವೆಬ್‌ಸೈಟಿನಲ್ಲಿ ಒಂಬತ್ತು ಗಂಟೆಯ ಪುಸ್ತಕ, ತನ್ನಲ್ಲಿ ಐದೇ ಗಂಟೆ. ಫೈಲಿನ ಗಾತ್ರ ಎಷ್ಟೆಂದು ಸೈಟು ಮೊದಲೇ ಹೇಳುತ್ತದೆ. ಅದನ್ನೂ ನಿಜವಾಗಿ ಬಂದದ್ದನ್ನೂ ಅಕ್ಕಪಕ್ಕ ತೋರಿಸುವಂತೆ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದಳು. ತಾಳೆಯಾಗಲಿಲ್ಲ. ಹಳೇ ಕಟ್ಟಡದ ಇಂಟರ್ನೆಟ್ ನಡುವೆ ಕಡಿದಾಗ ಪ್ರೋಗ್ರಾಂ ಬಂದಷ್ಟನ್ನೇ ಪುಸ್ತಕದ ಹೆಸರಲ್ಲಿ ಇಟ್ಟುಬಿಟ್ಟಿತ್ತು. ಮರುದಿನ ಹೆಸರು ಕಂಡು, ಬಂದಾಗಿದೆ ಎಂದುಕೊಂಡು ಮುಂದೆ ಹೋಗಿತ್ತು.

ಅಷ್ಟೇ ಆಗಿದ್ದರೆ ಬೇಸರವಿರಲಿಲ್ಲ. ತಪ್ಪು ಬಂದರೂ ಸದ್ದು ಮಾಡಬೇಡ, ಮುಂದಿನದಕ್ಕೆ ಹೋಗು ಎಂಬ ಸಾಲೊಂದು ಅಲ್ಲಿತ್ತು. ಪದೇ ಪದೇ ನಿಲ್ಲುತ್ತದೆಂದು ರೇಜಿಗೆಯಾಗಿ ತಾನೇ ಬರೆದದ್ದು.

"ಅದು ಹೇಳಕ್ಕೆ ಬಂದಿತ್ತು. ನಾನೇ ಬಾಯಿ ಮುಚ್ಚಿಸಿದ್ದೆ," ಎಂದಳು ಸಂಜೆ ಗಂಡನಿಗೆ. ಆತ ಬಸ್ ಕಂಡಕ್ಟರು.

"ಟಿಕೆಟ್ ಹರಿದ ಮಾತ್ರಕ್ಕೆ ಜನ ಊರು ಸೇರಲ್ಲ ಕಣೇ," ಎಂದು ಆತ ಅನ್ನದ ಪಾತ್ರೆ ಅವಳತ್ತ ತಳ್ಳಿದ. "ಊಟ ಮಾಡು ಮೊದ್ಲು."

ಮರುದಿನ ಆ ಸಾಲು ತೆಗೆದಳು. ಫೈಲಿಗೆ ಮೊದಲು ತಾತ್ಕಾಲಿಕ ಹೆಸರು, ಗಾತ್ರ ತಾಳೆಯಾದರೆ ಮಾತ್ರ ನಿಜವಾದ ಹೆಸರು. ಕಡಿಮೆ ಬಂದರೆ ನಿಂತಲ್ಲಿಂದಲೇ ಮತ್ತೆ ತರಿಸುವುದು. ಮೂರು ಸಲಕ್ಕೂ ಆಗದಿದ್ದರೆ ಕೆಂಪಕ್ಷರದಲ್ಲಿ ಹೇಳುವುದು. ಹಳೆಯದನ್ನೆಲ್ಲ ಅಳೆದಾಗ ನಲವತ್ತೊಂದು ಪುಸ್ತಕ ಅರ್ಧಕ್ಕೇ ನಿಂತಿದ್ದವು. ಪಡೆದವರಿಗೆಲ್ಲ ಫೋನು ಮಾಡಿ, "ತಪ್ಪು ನಂದು, ಪೂರ್ತಿದು ಕಳಿಸ್ತೀನಿ," ಎಂದಳು. ಒಬ್ಬಾಕೆ ತಾನು ಪುಸ್ತಕ ಕೇಳುವ ಯಂತ್ರವೇ ಕೆಟ್ಟಿತೆಂದು ಎರಡು ಸಲ ರಿಪೇರಿಗೆ ಕೊಟ್ಟಿದ್ದಳಂತೆ.

ಮೇಷ್ಟ್ರ ಕಾರ್ಡುಗಳನ್ನು ತಾನೇ ಒಯ್ದಳು. ಬಾಗಿಲು ತೆರೆದ ಅವರ ಹೆಂಡತಿ ದನಿ ತಗ್ಗಿಸಿದರು.

"ಕತೆ ನಿಂತ ಮೇಲೆ ಉಳಿದದ್ದನ್ನ ಇವ್ರೇ ಕಟ್ಟಿ ನಂಗೆ ಹೇಳ್ತಿದ್ರು. ಕಣ್ಣು ಹೋದ ಮೇಲೆ ಇಷ್ಟು ಮಾತಾಡಿದ್ದು ಈ ಮೂರು ತಿಂಗಳೇ. ಇನ್ನು ಮತ್ತೆ ಸುಮ್ನಾಗ್ತಾರೇನೋ."

ಮೂವರೂ ಕೂತು ದೋಣಿಯವನ ಕತೆಯ ಕೊನೆ ಕೇಳಿದರು. ಆ ಹೆಂಗಸು ಅವನ ತಂಗಿ.

ಮೇಷ್ಟ್ರು ತಡವಿ ಯಂತ್ರ ನಿಲ್ಲಿಸಿದರು. "ನಂದರಲ್ಲಿ ಅವಳು ಅವನ ಮಗಳು," ಎಂದರು ಆಮೇಲೆ. "ಲೇಖಕರದ್ದೇ ಸರಿ. ಆದ್ರೂ ಆ ಮಗಳನ್ನ ಕೈಬಿಡಕ್ಕೆ ಮನಸ್ಸಾಗಲ್ಲ."

"ಯಾಕೆ ಬಿಡ್ತೀರಿ? ನಮ್ಮ ರೆಕಾರ್ಡಿಂಗ್ ಕೋಣೆ ಧೂಳು ತಿಂತಾ ಬಿದ್ದಿದೆ. ನಿಮ್ಮದೇ ಕತೆ ಮಾಡಿ ಹೇಳಿ ಮೇಷ್ಟ್ರೇ. ಗುರುವಾರ ಬನ್ನಿ."

ಅವರು ಬಂದರು, ಹೆಂಡತಿಯ ತೋಳು ಹಿಡಿದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು. ಮೈಕಿನ ಮುಂದೆ ಕೂತು ಗಂಟಲು ಸರಿಮಾಡಿಕೊಂಡರು. ಆಕೆ ಗುಂಡಿ ಒತ್ತಿ, "ಶುರು ಮಾಡಿ," ಎಂದಾಗ ಮೇಷ್ಟ್ರು ಎದುರಿನ ಖಾಲಿ ಜಾಗದತ್ತ, ತರಗತಿಯಲ್ಲಿದ್ದಂತೆ, ಮುಖ ಎತ್ತಿ ಕೇಳಿದರು: "ಎಲ್ಲರೂ ಕೂತ್ರಾ?"