ಬೆಳಕೆಯವರು ತಂದ ನೀರು

ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ೧೯೪೬ರ ಬೇಸಿಗೆಯಲ್ಲಿ, ನಾನು ಆಗಿನ ಮುಂಬಯಿ ಸರ್ಕಾರದ ಒಂದು ಸಂಚಾರಿ ವಿಜ್ಞಾನ ಪ್ರದರ್ಶನದಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ಹೆಸರೇನೋ ದೊಡ್ಡದು. ಕೆಲಸವೆಂದರೆ ಪೆಟ್ಟಿಗೆ ಬಿಚ್ಚುವುದು, ನಕ್ಷೆ ತೂಗುಹಾಕುವುದು, ಬಂದವರಿಗೆ ಗಂಟಲು ಹರಿಯುವಂತೆ ವಿವರಿಸುವುದು. ಆ ವರ್ಷದ ವಿಷಯ ಕಾಲರಾ. ಮಳೆ ಹಿಡಿಯುವುದರೊಳಗೆ ಕರಾವಳಿಯ ಜನರಿಗೆ ಕುಡಿಯುವ ನೀರಿನ ಬಗ್ಗೆ ತಿಳಿಸಬೇಕಿತ್ತು.

ಕುಮಟೆಯಲ್ಲಿ ಮೊದಲ ಪ್ರದರ್ಶನ. ಫಲಕಗಳೆಲ್ಲ ಇಂಗ್ಲಿಷ್ ಮತ್ತು ಮರಾಠಿಯಲ್ಲಿದ್ದವು. ವಕೀಲರು, ಮಾಸ್ತರರು ಬಂದು ತಲೆದೂಗಿ ಹೋದರು. ಕಾಲರಾ ಬಂದರೆ ಮೊದಲು ಸಾಯುವವರು ಹೊರಗೆ ನಿಂತು ನಮ್ಮ ಲಾರಿ ನೋಡಿದರು. ನನಗೆ ಮೈಯುರಿಯಿತು. ಹಟ ಹಿಡಿದು ಫಲಕಗಳನ್ನು ಕನ್ನಡದಲ್ಲಿ ಬರೆಸಿದೆ. ಓದು ಬಾರದವರಿಗೆ ಅದೂ ಅಷ್ಟಕ್ಕಷ್ಟೆ.

ಹೊನ್ನಾವರದಲ್ಲಿ ಬೇರೆ ಉಪಾಯ ಮಾಡಿದೆ. ‘ಕುಡಿಯುವ ನೀರು ತನ್ನಿ, ಅದರಲ್ಲಿ ಏನಿದೆಯೆಂದು ನೀವೇ ನೋಡಿ’ ಎಂದು ಡಂಗುರ ಹೊಡೆಸಿದೆ. ಜನ ಮುಗಿಬಿದ್ದರು. ಕಾಲರಾದ ರೋಗಾಣು ಹಾಗೆಲ್ಲ ಸುಲಭವಾಗಿ ಕಾಣುವಂಥದ್ದಲ್ಲ. ಆದರೆ ಹೊಲಸು ನೀರಿನ ಒಂದು ಹನಿಯಲ್ಲಿ ಹರಿದಾಡುವ ಜೀವಿಗಳನ್ನು ಮೈಕ್ರೋಸ್ಕೋಪಿನಲ್ಲಿ ಕಂಡವರಿಗೆ ನಾಲ್ಕು ಭಾಷಣ ಬೇಕಿರಲಿಲ್ಲ. ಒಬ್ಬ ವ್ಯಾಪಾರಿ ಅಂದೇ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿಸಿಕೊಂಡ. ನಾನು ಗೆದ್ದೆ ಅಂದುಕೊಂಡೆ.

ಭಟ್ಕಳದ ಹತ್ತಿರದ ಬೆಳಕೆಯಲ್ಲಿ ಪ್ರದರ್ಶನ ಶಾಲೆಯಲ್ಲಿತ್ತು. ಮೀನುಗಾರರ ಕೇರಿಯ ಬಾವಿಗೆ ಕಟ್ಟೆಯೇ ಇರಲಿಲ್ಲ. ಮಳೆ ಬಂದರೆ ಕೇರಿಯ ಕೊಳೆಯೆಲ್ಲ ಅದರೊಳಗೆ. ಮೈಕ್ರೋಸ್ಕೋಪನ್ನು ಅಲ್ಲಿಗೇ ಒಯ್ಯೋಣವೆಂದು ಪ್ರದರ್ಶನದ ಮುಖ್ಯಸ್ಥರಾದ ನಮ್ಮ ಡಾಕ್ಟರ್ ಸಾಹೇಬರನ್ನು ಕೇಳಿಕೊಂಡೆ. ಜನ ಪ್ರದರ್ಶನಕ್ಕೆ ಬರಬೇಕೇ ಹೊರತು ಪ್ರದರ್ಶನ ಕೇರಿ ಸುತ್ತಬಾರದು ಎಂದರು. ಪೌಡರ್ ಕಡಿಮೆಯಿತ್ತು. ನೀರು ಕೆಟ್ಟಿದೆಯೆಂದು ಕಂಡ ಬಾವಿಗಳಿಗೆ ಮಾತ್ರ ಹಾಕಬೇಕೆಂಬುದು ಅವರ ಆಜ್ಞೆ.

ಕೇರಿಯ ಪರವಾಗಿ ದುರ್ಗಿ ಎಂಬ ಹೆಂಗಸು ಬಂದಳು. ಮೀನು ಮಾರುವವಳು, ಗಂಡನಿಲ್ಲ. ಬಸುರಿ ಮಗಳು ಹೆರಿಗೆಗೆಂದು ಮನೆಗೆ ಬಂದಿದ್ದಳು. ಹುಣಸೆಹಣ್ಣು ಹಾಕಿ ಬೆಳಗಿದ ತಾಮ್ರದ ಚೊಂಬನ್ನು ದುರ್ಗಿ ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟಳು. ಸಾಹೇಬರು ಹನಿ ತೆಗೆದು ನೋಡಿದರು. ಏನೂ ಇಲ್ಲ. “ಈ ನೀರು ಒಳ್ಳೆಯದು” ಎಂದು ಎಲ್ಲರೆದುರು ಸಾರಿದರು. ಕಾಣಲಿಲ್ಲವೆಂದರೆ ಇಲ್ಲವೆಂದು ಅರ್ಥವಲ್ಲ ಎಂದು ನಾನು ಮೆಲ್ಲಗೆ ಹೇಳಿದೆ. ಅವರು ಆಗಲೇ ಮುಂದಿನ ಚೊಂಬಿಗೆ ಕೈ ಹಾಕಿದ್ದರು. ದುರ್ಗಿಯ ಮುಖ ಅರಳಿತ್ತು.

ಮೊದಲ ಮಳೆಯ ಬೆನ್ನಿಗೇ ಕಾಲರಾ ಬಂತು. ಚುಚ್ಚುಮದ್ದು ಹಾಕುವವರ ಜೊತೆ ನನ್ನನ್ನೂ ಕಳಿಸಿದರು. ನಾವು ಮುಟ್ಟುವಷ್ಟರಲ್ಲಿ ದುರ್ಗಿಯ ಮಗಳು ಹೊಟ್ಟೆಯ ಕೂಸಿನೊಂದಿಗೆ ಹೋಗಿಬಿಟ್ಟಿದ್ದಳು. ದುರ್ಗಿ ಜಗಲಿಯಲ್ಲಿ ಕೂತಿದ್ದಳು. ಅಂದು ತಂದದ್ದು ಈ ಬಾವಿಯ ನೀರೇ ಹೌದೋ ಎಂದು ಕೇಳಿದೆ.

“ಅಲ್ಲ ಒಡೆಯಾ, ದೇವಸ್ಥಾನದ ಬಾವೀದು. ಸರ್ಕಾರದವ್ರು ಬಂದಾಗೆ ನಮ್ಮ ಕೆಸರು ನೀರು ತಂದು ಕೊಡೂಕೆ ಆತದ್ಯಾ?”

ಆ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುತ್ತಾರೆ. ಆ ನೀರಿಗಾಗಿ ಕೇರಿಯವರು ದೇವಸ್ಥಾನಕ್ಕೆ ಹೋಗುತ್ತಿದ್ದರು. ಬಾವಿಯ ಹಗ್ಗವನ್ನು ಅವರು ಮುಟ್ಟುವಂತಿರಲಿಲ್ಲ. ಅರ್ಚಕರ ಮನೆಯವರು ಸೇದಿ ಮೇಲಿಂದ ಹೊಯ್ಯಬೇಕು. ದುರ್ಗಿ ಅಂದು ಹೊಯ್ಸಿಕೊಂಡದ್ದು ಹಾಗೆ. ಬಾವಿ ಯಾವುದಾದರೇನು, ಸರ್ಕಾರದವರು ಒಳ್ಳೆಯದೆಂದದ್ದು ತಮ್ಮ ಊರಿನ ನೀರನ್ನು ಎಂದೇ ಕೇರಿಯವರೆಲ್ಲ ನಂಬಿ ನಿಶ್ಚಿಂತರಾಗಿದ್ದರು. ಅವರ ಬಾವಿಗೆ ಪೌಡರ್ ಬಿದ್ದಿರಲಿಲ್ಲ.

ಈ ಸಲ ಯಾರನ್ನೂ ಕೇಳದೆ, ಲಾರಿಯಲ್ಲಿದ್ದ ಮೈಕ್ರೋಸ್ಕೋಪನ್ನು ದುರ್ಗಿಯ ಜಗಲಿಗೆ ತಂದೆ. ಅವರದೇ ಬಾವಿಯ ಹನಿ ಇಟ್ಟೆ. ಅವಳು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು. ನಾನು ತಿಳಿಯಾದ ಮಾತಿನಲ್ಲಿ, ಒಂದೂ ಇಂಗ್ಲಿಷ್ ಶಬ್ದವಿಲ್ಲದೆ ಎಲ್ಲ ವಿವರಿಸಿದೆ. ಇಡೀ ನೌಕರಿಯಲ್ಲಿ ಅಷ್ಟು ಚೆನ್ನಾಗಿ ಯಾರಿಗೂ ವಿವರಿಸಿದ್ದಿಲ್ಲ. ಅವಳಿಗೆ ಪೂರ್ತಿ ಅರ್ಥವಾಯಿತು.

ಕಾಯಿಸಿ ಕುಡಿಯಬೇಕು ಎಂದೆ. ಒಳಗೆ ಒಲೆಯಲ್ಲಿ ಹಸಿ ಕಟ್ಟಿಗೆ ಹೊಗೆಯಾಡುತ್ತಿತ್ತು. ಗಂಜಿ ಬೇಯುವುದೇ ಕಷ್ಟವಿತ್ತು. ಪೌಡರ್ ಕಾರವಾರದಿಂದ ಇನ್ನೂ ಬಂದಿರಲಿಲ್ಲ.

ಪ್ರದರ್ಶನ ಬಹಳ ಯಶಸ್ವಿಯಾಯಿತೆಂದು ಸಾಹೇಬರಿಗೆ ಮೇಲಿನವರಿಂದ ಶಾಭಾಸ್‌ಗಿರಿ ಸಿಕ್ಕಿತು. ಮರುವರ್ಷವೂ ಅದನ್ನೇ ಹಾಗೆಯೇ ನಡೆಸಲು ಹುಕುಂ ಆಯಿತು, ನಡೆಸಿದೆವು. ವಿಜ್ಞಾನವನ್ನು ಜನರ ಬಾಗಿಲಿಗೆ ಒಯ್ಯಬೇಕೆಂದು ಈಗ ಎಲ್ಲರೂ ಹೇಳುತ್ತಾರೆ. ಬಾಗಿಲ ತನಕ ಒಯ್ದು ನೋಡಿದವನು ನಾನು. ನೌಕರಿ ನನಗೆ ಕಲಿಸಿದ್ದಿಷ್ಟೆ: ಅರ್ಥವಾದ ಮೇಲೆ ಜನ ಒಂದು ಪ್ರಶ್ನೆ ಕೇಳುತ್ತಾರೆ, ಅದಕ್ಕೆ ಉತ್ತರ ಇಟ್ಟುಕೊಂಡೇ ಪೆಟ್ಟಿಗೆ ಬಿಚ್ಚಬೇಕು. ದುರ್ಗಿ ಅಂದು ಮೈಕ್ರೋಸ್ಕೋಪಿನಿಂದ ತಲೆಯೆತ್ತಿ, ಸಿಟ್ಟೂ ಇಲ್ಲದೆ ಕೇಳಿದ್ದಳು:

“ನೋಡಿದ್ದಾತು. ಇನ್ನು ನಾವು ಯಾವ ನೀರು ಕುಡೂದು?”