ಬಜ್ಜಿ ಆರುವ ಮೊದಲೇ ಬಂದ ಟೀಚರು

ನನ್ನ ಮಗಳ ಸಂಸಾರ ಹಟ್ಟಿ ಚಿನ್ನದ ಗಣಿಯಿಂದ ಸಿಂಧನೂರಿಗೆ ಬಂದಾಗ ಆಕೆಗಿದ್ದದ್ದು ಒಂದೇ ಭಯ: ಕಾಲುವೆ. ಗಣಿ ಕ್ವಾರ್ಟರ್ಸಿನಲ್ಲಿ ನಲ್ಲಿ ನೀರು ಮಾತ್ರ ನೋಡಿ ಬೆಳೆದ ಮೊಮ್ಮಗಳು ಮೂರನೇ ಕ್ಲಾಸು. ಕೂರಿಸಿದಲ್ಲಿ ಕೂರುವ ಪೈಕಿ ಅಲ್ಲ. ಯಾರ ರಕ್ತ ಎಂದು ಕೇಳಬೇಡಿ.

ಮಗಳು ಮೊದಲು ಮೆಚ್ಚಿದ ಶಾಲೆಗೆ ಆಳೆತ್ತರದ ಗೋಡೆ, ಮೂಲೆಮೂಲೆಗೆ ಕ್ಯಾಮೆರಾ.

"ಇನ್ನೇನು ಬೇಕಪ್ಪಾ ನಿನಗ?" ಎಂದು ನನ್ನನ್ನು ಕೇಳಿದಳು.

"ಗ್ವಾಡಿ ಸುದ್ದಿ ಗ್ವಾಡಿ ಹಾರಿದವನ್ನ ಕೇಳಬೇಕವಾ."

ಸುಳ್ಳಲ್ಲ. ಮಸ್ಕಿಯ ನಮ್ಮ ಶಾಲೆಯ ಹಿಂದಿನ ಗೋಡೆಯಲ್ಲಿ ಒಂದು ಕಡೆ ಕಲ್ಲು ನುಣ್ಣಗಾಗಿತ್ತು. ಆ ನುಣುಪಿನಲ್ಲಿ ಅರ್ಧ ಪಾಲು ನನ್ನ ಚಡ್ಡಿಯದು. ಹಾರಿ, ಹಳ್ಳ ದಾಟಿ, ಗುಡ್ಡ ಹತ್ತಿದರೆ ಸೀತಾಫಲ. ಎಲ್ಲ ಮಾಸ್ತರರಿಗೂ ನಾನು ಟೋಪಿ ಹಾಕಿದ್ದೇನೆ, ಒಬ್ಬರನ್ನು ಬಿಟ್ಟು. ಅವರು ಊಟದ ಬೆಲ್ ಆದ ಮೇಲೆ ಇನ್ನೊಮ್ಮೆ ಹಾಜರಿ ಕೂಗುತ್ತಿದ್ದರು. ನಾವಿಲ್ಲವೆಂದರೆ ಚಪ್ಪಲಿ ಕೈಯಲ್ಲಿ ಹಿಡಿದು, ಧೋತರ ಎತ್ತಿಕಟ್ಟಿ ಹಳ್ಳಕ್ಕೆ ಇಳಿದೇಬಿಡುತ್ತಿದ್ದರು. ಗುಡ್ಡದ ಮೇಲೆ ಸಿಕ್ಕರೆ ಬಡಿಯುತ್ತಿರಲಿಲ್ಲ. ನಮ್ಮ ಪಕ್ಕದಲ್ಲೇ ಕುಳಿತು, ನಮ್ಮದೇ ಸೀತಾಫಲ ತಿಂದು, ಜೊತೆಗೆ ಕರೆದುಕೊಂಡು ಬರುತ್ತಿದ್ದರು. ಆ ಬೀಜ ಉಗುಳುವ ಸದ್ದು ಈಗಲೂ ಕಿವಿಯಲ್ಲಿದೆ.

ಹಾಗಾಗಿ ನನ್ನ ಪರೀಕ್ಷೆಯೇ ಬೇರೆ. ಸೇರಿಸುವ ಮೊದಲು ಮಗು ಒಂದು ದಿನ ಕುಳಿತು ನೋಡಲಿ ಎಂದು ನಾವು ನೋಡಿದ್ದ ಎರಡೂ ಶಾಲೆಯವರು ಒಪ್ಪಿದ್ದರು. ಮಗಳಿಗೆ ಗೊತ್ತಾಗದಂತೆ ನಾನೂ ಮೊಮ್ಮಗಳೂ ಕರಾರು ಮಾಡಿಕೊಂಡೆವು: ಊಟದ ಹೊತ್ತಿಗೆ ನಾನು ಹೊರಗೆ ಸಿಳ್ಳೆ ಹಾಕುವುದು, ಅವಳು ಬರುವುದು, ಇಬ್ಬರೂ ಮಿರ್ಚಿ ಬಜ್ಜಿ ತಿನ್ನುವುದು.

ಕ್ಯಾಮೆರಾ ಶಾಲೆಯಲ್ಲಿ ಕಸ ಸಾಗಿಸುವ ಹಿಂಬಾಗಿಲಿನಿಂದ ರಾಣಿಯಂತೆ ನಡೆದು ಬಂದಳು. ಬಜ್ಜಿ ಮುಗಿಯಿತು, ಮೇಲೆ ಚಹಾ ಕುಡಿದೆ, ಒಂದು ನರಪಿಳ್ಳೆಯೂ ಬರಲಿಲ್ಲ. ವಾಪಸ್ ಒಳಗೆ ಬಿಟ್ಟು ಬಂದರೂ ಯಾರೂ ಕೇಳಲಿಲ್ಲ.

ಎರಡನೆಯದು ಕಾಲುವೆ ಪಕ್ಕದ ಸಣ್ಣ ಶಾಲೆ, ಮೊಣಕಾಲೆತ್ತರದ ಗೋಡೆ. ಮಗಳು ಮೂಗು ಮುರಿದಿದ್ದಳು. ಸಿಳ್ಳೆಗೆ ಮೊಮ್ಮಗಳು ಗೋಡೆ ದಾಟಿ ಬಂದಳು. ಹೊರಗಿನ ಬೇವಿನ ಮರದ ಕೆಳಗೆ ಪೊಟ್ಟಣ ಬಿಚ್ಚಿದ್ದೆವಷ್ಟೆ, ಟೀಚರೊಬ್ಬರು ಬರಿಗಾಲಲ್ಲಿ ಓಡಿ ಬಂದರು. ನಮ್ಮ ಕಡೆಗಲ್ಲ, ಮೊದಲು ಕಾಲುವೆ ದಂಡೆಗೆ. ನೀರಿನ ಉದ್ದಕ್ಕೂ ಕಣ್ಣು ಹಾಯಿಸಿದರು. ಕೈಯಲ್ಲಿ ಸೀಮೆಸುಣ್ಣ ಹಾಗೇ ಇತ್ತು. ನನ್ನ ನಗು ಅಲ್ಲೇ ನಿಂತಿತು. ಹಳ್ಳಕ್ಕೆ ಇಳಿಯುತ್ತಿದ್ದ ಆ ಧೋತರ ಕಣ್ಣ ಮುಂದೆ ಬಂತು.

ಆಮೇಲೆ ನಮ್ಮನ್ನು ಕಂಡರು. ನಾನು ಅಜ್ಜ ಎಂದು ಹೇಳಿ, ಬಜ್ಜಿ ಮುಂದೆ ಹಿಡಿದೆ. ಅವರು ಬಜ್ಜಿ ನೋಡದೆ ಮಗುವನ್ನು ಕೇಳಿದರು.

"ಇವರು ಯಾರವಾ?"

ಮೊಮ್ಮಗಳು ಬಾಯಿ ತುಂಬಾ ಬಜ್ಜಿ ಇಟ್ಟುಕೊಂಡೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನನಗ ಗೊತ್ತಿಲ್ರೀ" ಎಂದಳು.

ಊರನ್ನೆಲ್ಲ ಆಡಿಸಿದವನನ್ನು ಆಡಿಸಿದ್ದು ಅದೊಂದು ಪಿಳ್ಳೆ. ಟೀಚರು ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ನನ್ನನ್ನು ಗೇಟಿನ ಹೊರಗೆ ಕಟ್ಟೆಯ ಮೇಲೆ ಕೂರಿಸಿ, ಮಗಳಿಗೆ ಫೋನು ಮಾಡಿದರು. ನಾನು ಗೊಣಗಿದ್ದಕ್ಕೆ, "ಕೂಸಿನ್ನ ಬಿಟ್ಟು ಹೋದಾಕಿ ಅವರವ್ವ. ಆಕಿ ಬಂದು ಹೂಂ ಅನ್ನೋತನಕ ನೀವು ಯಾರೋ ಮುದುಕ್ರು" ಎಂದರು.

ಮಗಳು ದವಾಖಾನೆಯ ಡ್ಯೂಟಿ ಬಿಟ್ಟು ಓಡಿ ಬಂದಳು. ಟೀಚರು ಹೇಳಿದ್ದನ್ನೆಲ್ಲ ಕೇಳಿ, ಅವರ ಮಣ್ಣಾದ ಕಾಲು ನೋಡಿ, ನನ್ನತ್ತ ಕೈ ತೋರಿಸಿದಳು.

"ನಮ್ಮಪ್ಪನ ಹೌದ್ರೀ. ಆದ್ರ ಇವರ ಕೈಯಾಗ ಮಾತ್ರ ಕೂಸಿನ್ನ ಕೊಡಬ್ಯಾಡ್ರಿ."

ಅವತ್ತೇ ಆ ಶಾಲೆಯಲ್ಲಿ ಮಗುವಿನ ಹೆಸರು ಹಚ್ಚಿಸಿದಳು. ಈಗ ಶಾಲೆ ಬಿಡುವ ಹೊತ್ತಿಗೆ ನಾನು ಗೇಟಿನ ಹೊರಗೆ ಬಿಸಿ ಪೊಟ್ಟಣ ಹಿಡಿದು ನಿಲ್ಲುತ್ತೇನೆ. ಮಗಳು ಬರುವತನಕ ಟೀಚರು ಚಿಲಕ ತೆಗೆಯುವುದಿಲ್ಲ. ಎಂಥ ಶಾಲೆ ಹುಡುಕಿದ್ದೇನೆ ನೋಡಿ.